ಹುಚ್ಚೊಳೆ ದಾಟಿಸುತ್ತಿದ್ದ ಮೊಗಣ್ಣ

ಇದು ನಿನ್ನೆ ಮೊನ್ನೆಯ ಮಾತಲ್ಲ ಕಣ್ರಪ್ಪ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು, ಅವರಜ್ಜಿಗೆ ಯಾರು ಹೇಳಿದರೋ ಶಿವನಿಗೇ ಗೊತ್ತು. ಬಲು ಹಿಂದಿನ ಕಾಲದಲ್ಲಿ, ಹುಚ್ಚೊಳೆ ಅನ್ನೋ ಹೊಳೆಯ ದಡದಲ್ಲಿ ಮಡುವಿನಕೊಪ್ಪಲು ಅಂತ ಒಂದು ಊರಿತ್ತಂತೆ. ಊರ ಬೆನ್ನಿಗೆ ಗುಡ್ಡ, ಮುಂದಕ್ಕೆ ಹೊಳೆ. ಗುಡ್ಡ ಹತ್ತಿ ಹೋದರೆ ಕಾಡು, ಹೊಳೆ ದಾಟಿ ಹೋದರೆ ಕಸಬೆ ಅನ್ನೋ ಪೇಟೆ. ಬೇರೆ ದಾರಿ ಇರಲಿಲ್ಲ.

ಸರ್ಕಾರ ಅನ್ನೋದು ಆಗಲೂ ಇತ್ತು. ಇತ್ತಪ್ಪ, ಇಲ್ಲ ಅಂತ ಯಾರು ಹೇಳಿದರು? ಆದರೆ ಸರ್ಕಾರದ್ದು ಅಂತ ಏನೇನಿತ್ತೋ ಅದೆಲ್ಲ ಹೊಳೆಯ ಆ ಕಡೆಗೇ ಇತ್ತು. ಧರ್ಮಾಸ್ಪತ್ರೆ ಆ ಕಡೆ. ಇಸ್ಕೂಲು ಆ ಕಡೆ. ಕಚೇರಿ, ಟಪಾಲು, ಸಂತೆ, ಗಾಡಿರಸ್ತೆ, ರಸ್ತೆ ಬದಿಯ ಸಾಲುಮರ, ಎಲ್ಲ ಆ ಕಡೆ. ಈ ಕಡೆಗೆ ಸರ್ಕಾರದಿಂದ ತಪ್ಪದೆ ಬರುತ್ತಿದ್ದವರು ಅಂದರೆ ಕಂದಾಯ ವಸೂಲಿಯವರು. ಅವರಿಗೆ ಮಾತ್ರ ಹೊಳೆ ಎಂದೂ ಅಡ್ಡ ಬರಲಿಲ್ಲ ನೋಡಿ.

ಹುಚ್ಚೊಳೆಯನ್ನು ನೀವು ಮಳೆಗಾಲದಲ್ಲಿ ನೋಡಿಲ್ಲ. ಬೇಸಿಗೆಯಲ್ಲಿ ಮೊಣಕಾಲು ನೀರು, ಸುಗ್ಗಿಯಲ್ಲಿ ಸೊಂಟದ ನೀರು. ಮಳೆಗಾಲದಲ್ಲಿ ಅದರ ಸಹವಾಸವೇ ಬೇಡ. ಇಲ್ಲಿ ಬಿಸಿಲು ಕಾಯುತ್ತಿರುತ್ತದೆ, ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಮೇಲೆ ಗುಡ್ಡದಲ್ಲಿ ಎಲ್ಲೋ ಒಂದು ಮಳೆ ಹುಯ್ದರೆ ಸಾಕು, ಕೆಂಪು ನೀರು ಬಂದು ದಡ ಹತ್ತುತ್ತದೆ. ಅಂಥ ಹೊಳೆಯನ್ನು ಆ ಜನ ದಿನಾ ದಾಟಬೇಕಿತ್ತು. ಉಪ್ಪು ಬೇಕಂದರೂ ದಾಟಬೇಕು, ಜ್ವರಕ್ಕೆ ಔಷಧಿ ಬೇಕಂದರೂ ದಾಟಬೇಕು. ಒಂದು ಸೇತುವೆ ಕಟ್ಟಿಸಿಕೊಡಿ ಅಂತ ಅವರು ಎಷ್ಟು ಸಲ ಕೇಳಿದರೋ ಲೆಕ್ಕ ಇಟ್ಟವರಿಲ್ಲ.

ಆ ಊರಲ್ಲಿ ಮೊಗಣ್ಣ ಅಂತ ಒಬ್ಬನಿದ್ದನಂತೆ. ಆಳು ಅಂದರೆ ಆಳು. ಅವನ ಹೆಗಲ ಮೇಲೆ ಹಾಸಿಗೆ ಹಾಸಿ ಮಲಗಬಹುದಿತ್ತು ಅಂತಾರೆ. ಹೊಳೆ ದಾಟಿಸೋದೇ ಅವನ ಕೆಲಸ. ರಾಗಿ ಮೂಟೆ, ಕರು, ಕಾಯಿಲೆಯವರು, ಕೈಲಾಗದ ಮುದುಕರು, ಎಲ್ಲರನ್ನೂ ಹೊತ್ತು ಆ ದಡ ಮುಟ್ಟಿಸಿ ಬರುತ್ತಿದ್ದ. ಒಂದು ಸಲ ಮದುವೆ ದಿಬ್ಬಣ ಬಂದಾಗ ಗಂಡನ್ನು ಬಲ ಹೆಗಲಿಗೆ, ಹೆಣ್ಣನ್ನು ಎಡ ಹೆಗಲಿಗೆ ಕೂರಿಸಿಕೊಂಡು, ಹೆಣ್ಣಿನ ಕಾಲಿನ ಅರಿಶಿನಕ್ಕೆ ಒಂದು ಹನಿ ನೀರು ತಾಗಿಸದೆ ದಾಟಿಸಿದನಂತೆ. ಇನ್ನೊಂದು ಸಲ ಕಾಲು ಮುರಿದ ಎತ್ತನ್ನೇ ಹೊತ್ತು ದಾಟಿಸಿದನಂತೆ. ಆನೆ ಮರಿಯನ್ನೂ ದಾಟಿಸಿದ ಅಂತ ಹೇಳೋರಿದ್ದಾರೆ, ಅದನ್ನು ನಾನು ನಂಬೋದಿಲ್ಲ. ಎತ್ತಿನದು ನಂಬುತ್ತೇನೆ.

ಈಗ ಆ ಊರಿನವರ ಒಂದು ರಿವಾಜು ಹೇಳಬೇಕು, ಹೇಳೋಕೆ ಹೊರಟರೆ ನನಗೇ ರೇಗುತ್ತದೆ. ಊರಿಗೆ ಬರೋ ದೊಡ್ಡವರ ಕಾಲು ಹುಚ್ಚೊಳೆಯಲ್ಲಿ ನೆನೆಯಬಾರದು. ನೆನೆದರೆ ಊರ ಮರ್ಯಾದೆ ಹೋಯಿತು ಅಂತ ಲೆಕ್ಕ. ತಾಲೂಕಿನ ದೊಡ್ಡ ಸಾಹೇಬರು, ಅಮಲ್ದಾರರು, ಬರುತ್ತಾರೆ ಅಂತ ಸುದ್ದಿ ಬಂದರೆ ಮೊಗಣ್ಣ ಮಿಂದು, ಹೆಗಲಿಗೆ ಮಡಿ ಪಂಚೆ ಹಾಸಿಕೊಂಡು, ಆ ದಡಕ್ಕೆ ಹೋಗಿ ಕಾಯಬೇಕು. ಸಾಹೇಬರು ಕಾಲಿನ ಪಾಪೋಸು ಕೂಡ ಬಿಚ್ಚದೆ ಅವನ ಹೆಗಲೇರಿ ಕೂರುತ್ತಿದ್ದರು. ಮೊಗಣ್ಣ ಎಷ್ಟು ನಯವಾಗಿ ದಾಟಿಸುತ್ತಿದ್ದನೆಂದರೆ ಕೆಲವರು ಅಲ್ಲೇ ತೂಕಡಿಸುತ್ತಿದ್ದರಂತೆ. ಈ ದಡಕ್ಕೆ ಬಂದರೆ ಓಲಗ, ಹಾರ, ಬೀದಿ ತುಂಬ ಸಗಣಿ ನೀರು ಚಿಮುಕಿಸಿ ಬಿಡಿಸಿದ ರಂಗೋಲಿ. ತಾವು ಮಕ್ಕಳಿಗೆ ಹಬ್ಬಕ್ಕೆ ಅಂತ ಎತ್ತಿಟ್ಟ ಅಕ್ಕಿ, ಬೆಲ್ಲ, ತುಪ್ಪ ಎಲ್ಲ ತೆಗೆದು ಊಟ ಹಾಕುತ್ತಿದ್ದರು. ಹರಕು ಚಾಪೆಗಳನ್ನು ಒಳಗೆ ಬಚ್ಚಿಟ್ಟು, ಇಡೀ ಊರಿಗೆ ಇದ್ದ ಒಂದು ಜಮಖಾನ ಹಾಸುತ್ತಿದ್ದರು. ಕಾಯಿಲೆಯವರಿಗೆ, ನೀವು ಸುಮ್ಮನೆ ಒಳಗಿರಿ, ಸಾಹೇಬರು ಹೋದ ಮೇಲೆ ಕೆಮ್ಮುವಿರಂತೆ ಅಂತ ಹೇಳಿಟ್ಟಿರುತ್ತಿದ್ದರು.

ಆಮೇಲೆ, ಸಾಹೇಬರು ಎಲೆ ಅಡಿಕೆ ಹಾಕಿಕೊಂಡು ನಗುನಗುತ್ತಾ ಕೂತಿರುವಾಗ, ಪಟೇಲ ಈರೇಗೌಡರು ಕೈ ಮುಗಿದು, ಬುದ್ಧಿ, ನಮಗೆ ಹೊಳೆ ದಾಟೋದು ಬಹಳ ಕಷ್ಟ ಅನ್ನುತ್ತಿದ್ದರು. ಅಯ್ಯೋ ನನ್ನಪ್ಪಗಳಿರಾ! ಕಷ್ಟ ಅಂತ ಒಂದು ಎಳೆಯನ್ನಾದರೂ ಅವರ ಕಣ್ಣಿಗೆ ತೋರಿಸಿದಿರಾ? ಯಾವ ಗೋಡೆಗೆ ಹಣೆ ಚಚ್ಚಿಕೊಳ್ಳೋದು ಹೇಳಿ. ಸಾಹೇಬರು ಆಗಲಿ ನೋಡೋಣ ಅಂದು, ಮತ್ತೆ ಮೊಗಣ್ಣನ ಹೆಗಲೇರಿ, ಬಂದ ಹಾಗೇ ಒಣಗಿದ ಕಾಲಲ್ಲಿ ವಾಪಸು ಹೋಗುತ್ತಿದ್ದರು.

ಮೊಗಣ್ಣನಿಗೂ ಆಗ ಅದೇ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಸಾಹೇಬರು ಭೇಷ್ ಅಂದು ಬೆನ್ನು ತಟ್ಟಿದರೆ ಅವನ ಎದೆ ಉಬ್ಬುತ್ತಿತ್ತು. ಮನೆಗೆ ಬಂದು ಹೆಂಡತಿ ಕೆಂಪಮ್ಮನಿಗೆ ಅದನ್ನೇ ಹೇಳಿ ಹೇಳಿ ಬೇಜಾರು ಮಾಡುತ್ತಿದ್ದನಂತೆ.

ಆ ಕೆಂಪಮ್ಮನಿಗೆ ಎರಡನೇ ಹೆರಿಗೆ ಮಳೆಗಾಲದಲ್ಲಿ ಬಂತು. ಹೊಟ್ಟೆಯಲ್ಲಿ ಮಗು ಅಡ್ಡ ನಿಂತಿತ್ತು. ಊರ ಸೂಲಗಿತ್ತಿ ಮಂಚಮ್ಮ ತನಗೆ ಗೊತ್ತಿದ್ದದ್ದೆಲ್ಲ ಮಾಡಿ, ಇನ್ನು ನನ್ನ ಕೈಲಿಲ್ಲ, ಧರ್ಮಾಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಒಯ್ಯಿ ಅಂದಳು. ಮೊಗಣ್ಣ ಹೆಂಡತಿಯನ್ನು ತೋಳ ಮೇಲೆ ಮಲಗಿಸಿಕೊಂಡು ಹೊಳೆಗಿಳಿದ. ಎದೆಯ ತನಕ ಹೋದ, ಗಂಟಲ ತನಕ ಹೋದ. ಎತ್ತು ದಾಟಿಸಿದ ಆಳು, ಅವತ್ತು ಆಗಲಿಲ್ಲ. ವಾಪಸು ದಡಕ್ಕೆ ಬರೋ ಹೊತ್ತಿಗೆ ಅವಳ ಉಸಿರು ಹೋಗಿತ್ತು. ಹೊಳೆಯ ಆ ಕಡೆ, ಕೂಗಿದರೆ ಕೇಳೋವಷ್ಟು ದೂರದಲ್ಲಿ, ಧರ್ಮಾಸ್ಪತ್ರೆಯ ಹೆಂಚು ಕಾಣುತ್ತಿತ್ತು ಅಂತಾರೆ. ಮನೆಯಲ್ಲಿ ಉಳಿದದ್ದು ಇನ್ನೂ ಸೆರಗು ಹಿಡಿದು ಓಡಾಡೋ ಮಗಳು ನಿಂಗಾಜಿ ಒಬ್ಬಳೇ.

ಆ ವರ್ಷದ ಸುಗ್ಗಿಗೆ ಅಮಲ್ದಾರರು ಬಂದರು. ಮೊಗಣ್ಣ ಮತ್ತೆ ಮಿಂದು, ಮಡಿ ಪಂಚೆ ಹಾಸಿಕೊಂಡು ಅವರನ್ನು ಹೊತ್ತು ತಂದ. ಹೂಂ, ತಂದ. ಹೆಂಡತಿ ಪ್ರಾಣ ಹೋದ ಅದೇ ನೀರಿನಲ್ಲಿ ತಂದ. ರಿವಾಜು ಅಂದರೆ ರಿವಾಜು. ಊಟವಾದ ಮೇಲೆ ಪಟೇಲರು ಎಂದಿನಂತೆ ಸೇತುವೆಯ ಮಾತು ಎತ್ತಿದರು. ಅಮಲ್ದಾರರು ಮೊಗಣ್ಣನ ಕಡೆ ನೋಡಿ ನಕ್ಕರಂತೆ.

"ಇಂಥ ಆಳು ಇರುವಾಗ ನಿಮಗೆ ಸೇತುವೆ ಯಾತಕ್ಕಯ್ಯ?"

ಊರಿನವರು ಏನು ಮಾಡಿದರು ಗೊತ್ತಾ? ನಕ್ಕರು. ನಮ್ಮ ಮೊಗಣ್ಣನನ್ನು ಹೊಗಳಿದರು ಅಂತ ಖುಷಿಪಟ್ಟು ನಕ್ಕರು. ಮೊಗಣ್ಣ ಒಬ್ಬ ನಗಲಿಲ್ಲ. ಅವತ್ತಿನಿಂದ ಅವನಿಗೆ ತನ್ನ ಹೆಗಲು ಕಂಡರೆ ಆಗುತ್ತಿರಲಿಲ್ಲ ಅಂತ ನಮ್ಮಜ್ಜಿ ಹೇಳೋರು.

ಅಮಲ್ದಾರರು ಬದಲಾದರು, ಇನ್ನೊಬ್ಬರು ಬಂದರು, ಅವರೂ ಬದಲಾದರು. ಬಂದವರೆಲ್ಲ ಮೊಗಣ್ಣನ ಹೆಗಲೇರಿದರು, ಬಂದವರೆಲ್ಲ ಹೆಚ್ಚುಕಡಿಮೆ ಅದೇ ಮಾತು ಹೇಳಿದರು. ಹಾಗಂತ ಸರ್ಕಾರದ ಬೊಕ್ಕಸದಲ್ಲಿ ಹಣ ಇರಲಿಲ್ಲವಾ? ಇತ್ತು. ಕಸಬೆಯಲ್ಲಿ ಹೂದೋಟ ಆಯಿತು. ಹೂದೋಟದಲ್ಲಿ ಸಾಹೇಬರು ಕೂತು ಬ್ಯಾಂಡು ಕೇಳೋಕೆ ಮಂಟಪ ಆಯಿತು. ನೀರೇ ಹರಿಯದ ಒಂದು ಚರಂಡಿ ಇತ್ತು, ಅದಕ್ಕೆ ಕಮಾನಿನ ಕಲ್ಲು ಸೇತುವೆ ಆಯಿತು. ಆ ಸೇತುವೆ ಕೆಳಗೆ ಕೋಳಿಗಳು ಓಡಾಡುತ್ತಿದ್ದವಂತೆ. ಇಲ್ಲಿ ಹುಚ್ಚೊಳೆಯಲ್ಲಿ ಜನ ಸಾಯುತ್ತಾರೆ, ಅಲ್ಲಿ ಕೋಳಿಗೆ ಸೇತುವೆ. ಹೊಟ್ಟೆ ಉರಿಯದೆ ಇರುತ್ತದಾ ಹೇಳಿ.

ಇಷ್ಟರಲ್ಲಿ ನಿಂಗಾಜಿ ದೊಡ್ಡವಳಾದಳು. ಗುಡ್ಡದ ಆಚೆಯ ಹಟ್ಟಿಗೆ ಮದುವೆಯಾಗಿ ಹೋದಳು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಲ್ಲ, ಆಷಾಢದಲ್ಲಿ ಗುಡ್ಡ ಇಳಿದು ಅಪ್ಪನ ಮನೆಗೆ ಬಂದಳು. ಮಂಚಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಮೊಗಣ್ಣನನ್ನು ಹೊರಗೆ ಕರೆದು, ಇವಳ ಅವ್ವನಿಗೆ ನಿಂತ ಹಾಗೇ ನಿಂತಿದೆ, ನೋವು ಬರೋ ಮುಂಚೆ ಧರ್ಮಾಸ್ಪತ್ರೆಗೆ ಸೇರಿಸು, ಅಲ್ಲೇ ಜಗಲಿ ಮೇಲೆ ಬಿದ್ದಿರಲಿ ಅಂದಳು. ಹೊಳೆ ನೋಡಿದರೆ ದಡದ ಮೇಲೆ ಹರಿಯುತ್ತಿದೆ. ಮೊಗಣ್ಣ ಬೆಳಗಾದರೆ ಎದ್ದು ಹೋಗಿ ನೋಡುತ್ತಿದ್ದ, ಮಧ್ಯಾಹ್ನ ಹೋಗಿ ನೋಡುತ್ತಿದ್ದ. ಊಟ ಸೇರುತ್ತಿರಲಿಲ್ಲ. ಈ ಹೊಳೆ ಒಂದೇ ಒಂದು ದಿನ ಇಳಿದರೆ ಸಾಕು, ಮಗಳನ್ನು ದಾಟಿಸಿಬಿಡುತ್ತೇನೆ ಅನ್ನುತ್ತಿದ್ದನಂತೆ.

ಇಳಿಯಿತು. ಶ್ರಾವಣದಲ್ಲಿ ಮಳೆ ಬಿಡುವು ಕೊಟ್ಟು, ಒಂದು ದಿನ ಬೆಳಿಗ್ಗೆ ನೀರು ಸೊಂಟಕ್ಕೆ ಬಂದಿತ್ತು. ಮೊಗಣ್ಣ ಮಗಳನ್ನು ಎಬ್ಬಿಸಿ, ಗಂಟು ಕಟ್ಟಿಸಿ, ಇನ್ನೇನು ಹೊರಡಬೇಕು, ಪಟೇಲರು ಏದುಸಿರು ಬಿಡುತ್ತಾ ಬಂದರು. ಹೊಸ ಅಮಲ್ದಾರರು ಬಂದಿದ್ದಾರೆ, ಆ ದಡದಲ್ಲಿ ನಿಂತಿದ್ದಾರೆ, ಬಾ ಅಂದರು. ಮಗಳನ್ನು ದಾಟಿಸಿ ಬರುತ್ತೇನೆ ಅಂತ ಮೊಗಣ್ಣ ಅಂದ. ಪಟೇಲರು ಕೆಂಡವಾದರು. ಸಾಹೇಬರನ್ನು ಬಿಸಿಲಲ್ಲಿ ನಿಲ್ಲಿಸಿ ಯಾರಾದರೂ ಮನೆಯವರನ್ನು ದಾಟಿಸುತ್ತಾರಾ, ಊರ ಮಾನ ತೆಗೆಯಬೇಡ, ಮೊದಲು ಅವರನ್ನು ತಾ, ಅವರು ಊಟಕ್ಕೆ ಕೂತಾಗ ಮಗಳನ್ನು ಒಯ್ಯಿ, ಹೊಳೆ ಎಲ್ಲಿ ಓಡಿಹೋಗುತ್ತದೆ ಅಂದರು. ನಿಂಗಾಜಿ ಕೂಡ, ಹೋಗಿ ಬಾ ಅಪ್ಪಯ್ಯ, ನಾನಿಲ್ಲೇ ಕೂತಿರುತ್ತೇನೆ ಅಂದಳು. ಮೊಗಣ್ಣ ಹೋದ.

ಹೋದ ಕಣ್ರಪ್ಪ. ಇದನ್ನು ಹೇಳುವಾಗೆಲ್ಲ ನಮ್ಮಜ್ಜಿ ತಲೆ ಚಚ್ಚಿಕೊಳ್ಳೋರು.

ಅಮಲ್ದಾರರನ್ನು ಹೊತ್ತು ಬರುವಾಗ ದಾರಿಯುದ್ದಕ್ಕೂ ಮೊಗಣ್ಣ ಕೆಳಗಿನಿಂದ ತನ್ನ ಕಷ್ಟ ಹೇಳಿಕೊಂಡನಂತೆ. ಕೆಂಪಮ್ಮ ಸತ್ತದ್ದು ಹೇಳಿದ, ಮಗಳ ಹೊಟ್ಟೆಯಲ್ಲಿ ಕೂಸು ಅಡ್ಡ ನಿಂತದ್ದು ಹೇಳಿದ. ಹುಟ್ಟಿದ ಮೇಲೆ ಯಾವ ಸಾಹೇಬರ ಮುಂದೆಯೂ ಅಷ್ಟು ಮಾತಾಡಿದವನಲ್ಲ. ಮೇಲೆ ಕೂತವರು ಕೊಡೆ ಹಿಡಿದುಕೊಂಡು, ಮಾತು ಆಮೇಲೆ, ಕಾಲು ನೋಡಿಕೊಂಡು ಇಡು ಅಂದರು. ದಡಕ್ಕೆ ಬಂದಾಗ ಪಟೇಲರು ಅವನ ಕಿವಿಯ ಹತ್ತಿರ ಬಂದು, ಬಂದವರ ಮುಂದೆ ಹೆಣದ ಮಾತಾಡುತ್ತೀಯಲ್ಲ, ಬುದ್ಧಿ ಇದೆಯಾ ಅಂತ ಗದರಿದರು.

ಓಲಗ ಆಯಿತು, ಹಾರ ಆಯಿತು. ಮೊಗಣ್ಣ ಓಡಿ ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡು ಹೊಳೆಗೆ ಬಂದ. ಬಂದು ನೋಡಿದರೆ ನೀರು ಕೆಂಪಗಿದೆ. ಗುಡ್ಡದ ಮೇಲೆ ಮಳೆ ಬಿದ್ದಿತ್ತು. ಅವನು ನೋಡುತ್ತಾ ನಿಂತ ಹಾಗೇ ದಡದ ಒಂದು ಕಲ್ಲು ಮುಳುಗಿತು, ಅದರ ಮೇಲಿನ ಇನ್ನೊಂದು ಕಲ್ಲೂ ಮುಳುಗಿತು. ಒಂದು ಹೊರೆ ಹೊರುವಷ್ಟು ಹೊತ್ತಿಗೆ ಮಗಳ ದಾರಿ ಮುಚ್ಚಿಹೋಗಿತ್ತು. ನಿಂಗಾಜಿ ಅಳಲಿಲ್ಲವಂತೆ. ಮನೆಗೆ ಹೋಗೋಣ ನಡಿ ಅಪ್ಪಯ್ಯ ಅಂದಳು.

ಊಟ ಮುಗಿಸಿ ಅಮಲ್ದಾರರು ಬಂದರು. ಮರುದಿನ ಕಸಬೆಯ ಹೂದೋಟದಲ್ಲಿ ಕಾರಂಜಿ ಶುರು ಮಾಡೋ ಸಮಾರಂಭ, ಅವರು ಇರಲೇಬೇಕು. ಪಟೇಲರು ಮೊಗಣ್ಣನಿಗೆ, ನೀರು ಇನ್ನೂ ಎದೆ ಮಟ್ಟ ಇದೆ, ಬೇಗ ದಾಟಿಸಿಬಿಡು ಅಂದರು. ಅವನಿಂದ ಆಗುತ್ತಿತ್ತಾ? ಆಗುತ್ತಿತ್ತು ಅಂತಲೇ ಎಲ್ಲರೂ ಹೇಳುತ್ತಾರೆ. ತುಂಬಿದ ಬಸುರಿಯನ್ನು ಹೆಗಲ ಮೇಲೆ ಕೂರಿಸೋಕಾಗಲ್ಲ, ತೋಳ ಮೇಲೆ ಮಲಗಿಸಿಕೊಂಡು ಎದೆ ನೀರು ದಾಟೋಕಾಗಲ್ಲ. ಅಮಲ್ದಾರರಾದರೆ ಅವನ ಜುಟ್ಟು ಹಿಡಿದು ಭದ್ರವಾಗಿ ಕೂರಬಹುದಿತ್ತು. ಮೊಗಣ್ಣ ದಡದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಒಯ್ಯಾಕಿಲ್ಲ," ಅಂದನಂತೆ.

ಆ ಊರಲ್ಲಿ ಸಾಹೇಬರಿಗೆ ಆ ಮಾತು ಯಾರೂ ಹೇಳಿರಲಿಲ್ಲ. ಪಟೇಲರು ಬೈದರು, ಹೆದರಿಸಿದರು, ಮೀಸೆಗೆ ಕೈ ಹಾಕಿದರು, ಕೊನೆಗೆ ಗಲ್ಲ ಹಿಡಿದು ಬೇಡಿಕೊಂಡರು. ಮೊಗಣ್ಣ ಏಳಲಿಲ್ಲ. ಅಷ್ಟರಲ್ಲಿ ನೀರು ಗಂಟಲ ಮಟ್ಟಕ್ಕೆ ಬಂತು, ಮಾತೇ ಮುಗಿಯಿತು.

ಅಮಲ್ದಾರರು ಪಟೇಲರ ಮನೆಯಲ್ಲಿ ಉಳಿದರು. ಆ ಮನೆಯೂ ಸೋರುತ್ತದೆ ಅಂತ ಅವರಿಗೆ ಗೊತ್ತಾದದ್ದು ಆಗ. ಬೆಳಗಾಗುತ್ತಲೇ ಹೊಳೆದಂಡೆಗೆ ಬಂದು, ಆ ದಡದಲ್ಲಿ ಕುದುರೆ ಹಿಡಿದು ಕಾದಿದ್ದ ಜವಾನನಿಗೆ, ಏನಾದರೂ ಮಾಡಿ ನನ್ನನ್ನು ಕರೆಸಿಕೊಳ್ಳಿ ಅಂತ ಕೂಗಿ ಹೇಳಿದರು. ಅದೇ ಹೊತ್ತಿಗೆ ಮೊಗಣ್ಣನ ಮನೆಯಲ್ಲಿ ನಿಂಗಾಜಿಗೆ ನೋವು ಶುರುವಾಯಿತು. ಮಂಚಮ್ಮ ಎಣ್ಣೆ ಬಿಸಿ ಮಾಡಿದಳು, ಹೊಟ್ಟೆ ನೀವಿದಳು. ಕೂಸು ತಿರುಗಲಿಲ್ಲ. ಸಂಜೆ ತನಕ ತಡೆದರೆ ಹೆಚ್ಚು ಅಂದಳು. ಮೊಗಣ್ಣ ಹೊಳೆಗೂ ಮನೆಗೂ ತಿರುಗಿ ತಿರುಗಿ ಹುಚ್ಚನ ಹಾಗಾಗಿದ್ದ.

ಮಧ್ಯಾಹ್ನ ಆ ದಡದಲ್ಲಿ ಒಂದು ಎತ್ತಿನ ಗಾಡಿ ಬಂತು. ಗಾಡಿಯ ಮೇಲೆ ಒಂದು ದೋಣಿ.

ದೋಣಿ! ಬಣ್ಣ ಹೊಡೆದ, ಮೆತ್ತೆ ಹಾಸಿದ, ಚೆಂದದ ಮರದ ದೋಣಿ. ಎಲ್ಲಿತ್ತು ಇದು ಇಷ್ಟು ದಿನ? ಕಸಬೆಯ ಕೆರೆಯಲ್ಲಿ ಸಾಹೇಬರ ಮನೆಯವರು ಸಂಜೆ ಹೊತ್ತು ಗಾಳಿ ಕುಡಿಯೋಕೆ ಅಂತ ಸರ್ಕಾರ ಮಾಡಿಸಿಟ್ಟಿತ್ತಂತೆ. ಹುಟ್ಟು ಹಾಕೋ ಅಂಬಿಗರಿಗೆ ಸಂಬಳ ಬೇರೆ. ಮಡುವಿನಕೊಪ್ಪಲಿನ ಜನ ತಲೆತಲಾಂತರದಿಂದ ಸೇತುವೆ ಸೇತುವೆ ಅಂತ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾಗ, ಕೂಗಳತೆಯಲ್ಲಿ ಸರ್ಕಾರದ ದೋಣಿ ಕೆರೆಯಲ್ಲಿ ಸುಮ್ಮನೆ ತೇಲಾಡುತ್ತಿತ್ತು. ಒಬ್ಬ ಅಮಲ್ದಾರ ಸಿಕ್ಕಿಕೊಂಡ ಅಂದ ಕೂಡಲೇ ಅದಕ್ಕೆ ಗಾಡಿ ಸಿಕ್ಕಿತು, ಎತ್ತು ಸಿಕ್ಕಿತು, ದಾರಿ ಸಿಕ್ಕಿತು. ಏನಂತ ಬೈಯೋದು ಇವರನ್ನ? ಬೈಯೋಕೆ ಮಾತೇ ಸಾಲದು.

ಅಂಬಿಗರು ಮೇಲ್ದಂಡೆಯಿಂದ ದೋಣಿ ಇಳಿಸಿ, ಸೆಳವಿಗೆ ಓರೆಯಾಗಿ ಹುಟ್ಟು ಹಾಕುತ್ತಾ ಈ ದಡಕ್ಕೆ ಬಂದರು. ದೋಣಿ ಸಣ್ಣದು. ನೀರು ಇನ್ನೂ ಏರುತ್ತಿದೆ, ಒಂದೇ ಸಲ ಹೋಗೋದು, ಮತ್ತೆ ಬರೋಕಾಗಲ್ಲ ಅಂತ ಅವರು ಬಂದವರೇ ಹೇಳಿದರು. ಊರೆಲ್ಲ ದಡದಲ್ಲಿ ಸೇರಿತ್ತು. ಅಂಥ ಹೊತ್ತಿನಲ್ಲೂ ಒಬ್ಬರು ಹಾರ ತಂದಿದ್ದರಂತೆ. ಪಟೇಲರು ಕೆಸರಿನ ಮೇಲೆ ಹಲಗೆ ಹಾಕಿಸಿ ಅಮಲ್ದಾರರನ್ನು ದೋಣಿ ಹತ್ತಿಸಿದರು. ಅವರು ಮೆತ್ತೆಯ ಮೇಲೆ ಕೂತು ಕೊಡೆ ಬಿಚ್ಚಿದರು.

ಆಗ ಮೊಗಣ್ಣ ಬಂದ. ತೋಳ ಮೇಲೆ ನಿಂಗಾಜಿ, ಹಿಂದೆ ಮಂಚಮ್ಮ. ಮಗಳು ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಜನ ದಾರಿ ಬಿಟ್ಟರು. ಅವನು ದೋಣಿಯ ಪಕ್ಕಕ್ಕೆ ಸೊಂಟದ ನೀರಿಗಿಳಿದು ನಿಂತು, ಮಗಳು ಮಲಗೋಕೆ ಜಾಗ ಕೊಡಿ ಅಂತ ಕೇಳಿದ. ಅಮಲ್ದಾರರಿಗೆ ಗಾಬರಿ. ಇದರಲ್ಲಿ ಜಾಗ ಎಲ್ಲಿದೆ, ನಾನು ಹೋಗಿ ಏನಾದರೂ ಏರ್ಪಾಡು ಮಾಡಿಸುತ್ತೇನೆ, ಇದು ನನಗೆ ಅಂತ ಬಂದ ದೋಣಿ ಅಂದರು. ಪಟೇಲರೂ ದಡದಿಂದ, ಮೊದಲು ಬುದ್ಧಿಯವರು ಹೋಗಲಿ ಮೊಗ, ಹಟ ಮಾಡಬೇಡ ಅಂದರು.

ಮೊಗಣ್ಣ ಕೂಗಾಡಲಿಲ್ಲ. ಅವನ ಮಾತು ಮೆಲ್ಲಗಿತ್ತು, ಆದರೂ ದಡದಲ್ಲಿದ್ದವರಿಗೆಲ್ಲ ಕೇಳಿಸಿತು ಅಂತಾರೆ.

"ಬುದ್ಧಿ, ನಿನ್ನೆ ನಿಮ್ಮುನ್ನ ಮೊದಲು ದಾಟಿಸ್ದೆ, ನನ್ ಮಗಳ್ನ ಕೂರ್ಸಿ ಬಂದೆ. ನೀವು ಒಂದಿನ ಸಿಕ್ಕಾಕಂಡಿದ್ದಕ್ಕೆ ದೋಣಿ ಬತ್ತು. ನಾವು ಹುಟ್ಟಿದಾಗಿಂದ ಸಿಕ್ಕಾಕಂಡಿದ್ದೀವಿ, ನಮಗ್ಯಾಕೆ ಬರ್ನಿಲ್ಲ?"

ಮೊಗಣ್ಣ ಉತ್ತರಕ್ಕೆ ಕಾಯಲಿಲ್ಲ. ಮಗಳನ್ನು ಅಂಬಿಗರ ಕೈಗೆ ಕೊಟ್ಟ. ಆಮೇಲೆ ಅಮಲ್ದಾರರನ್ನು, ಯಾವ ನಯದಿಂದ ನಿನ್ನೆ ಎತ್ತಿದ್ದನೋ ಅದೇ ನಯದಿಂದ, ಕೊಡೆ ಸಮೇತ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ದಡಕ್ಕೆ ತಂದು, ಹಲಗೆಯ ಮೇಲಲ್ಲ, 'ಪಚಕ್' ಅಂತ ಕೆಸರಿನಲ್ಲಿ ನಿಲ್ಲಿಸಿದ. ಮೊಣಕಾಲ ತನಕ ಹೂತುಕೊಂಡರಂತೆ. ಆ ಊರ ನೆಲದಲ್ಲಿ ಒಬ್ಬ ಅಮಲ್ದಾರರ ಕಾಲು ಕೆಸರಾದದ್ದು ಅದೇ ಮೊದಲು.

ಎಲ್ಲರೂ ಪಟೇಲರ ಮುಖ ನೋಡಿದರು. ಪಟೇಲರು ಹೆಗಲ ವಲ್ಲಿ ತೆಗೆದುಕೊಂಡು ಸಾಹೇಬರ ಕಾಲು ಒರೆಸೋಕೆ ಎರಡು ಹೆಜ್ಜೆ ಮುಂದೆ ಬಂದರು. ಬಂದವರು ನಿಂತರು. ಅವರ ಹೆಂಡತಿ ಹಿಂದಿನಿಂದ ಪಂಚೆ ಜಗ್ಗಿದಳು ಅಂತ ಕೆಲವರು ಹೇಳುತ್ತಾರೆ. ಇಲ್ಲ, ದೋಣಿಯೊಳಗಿಂದ ನಿಂಗಾಜಿ ನರಳಿದ್ದು ಕೇಳಿ ತಾವಾಗೇ ನಿಂತರು ಅಂತ ಇನ್ನು ಕೆಲವರು. ನನಗೆ ಎರಡನೆಯದೇ ನಿಜ ಇರಲಿ ಅಂತ ಆಸೆ. ಏನೇ ಆಗಲಿ, ಪಟೇಲರು ವಲ್ಲಿಯನ್ನು ವಾಪಸು ಹೆಗಲಿಗೆ ಹಾಕಿಕೊಂಡು, ಅಂಬಿಗರಿಗೆ ಹೊರಡಿ ಅಂತ ಕೈಸನ್ನೆ ಮಾಡಿದರು. ಮಂಚಮ್ಮ ದೋಣಿಯ ಮೂಲೆಯಲ್ಲಿ ಮುದುರಿ ಕೂತಳು. ದೋಣಿ ಹೋಯಿತು.

ದೋಣಿ ಆ ದಡ ಮುಟ್ಟೋ ತನಕ ಮೊಗಣ್ಣ ನೀರಿನಲ್ಲೇ ನಿಂತಿದ್ದ. ಆಮೇಲೂ ನಿಂತಿದ್ದ. ಬೆಳಕು ಹೋಗೋ ಹೊತ್ತಿಗೆ ಮಂಚಮ್ಮ ಆ ದಡದಿಂದ ಕೂಗಿದಳು. ಏನು ಕೂಗಿದಳೋ, ಬೆಳಗಿಗಿಂತ ಏರಿದ್ದ ಹೊಳೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಆಮೇಲೆ ಅವಳು ಎರಡು ಕೈಯನ್ನೂ ತೊಟ್ಟಿಲು ತೂಗೋ ಹಾಗೆ ತೂಗಿ ತೋರಿಸಿದಳು, ಸೆರಗು ಎತ್ತಿ ಬೀಸಿದಳು. ತಾಯಿ, ಮಗು ಎರಡೂ ಉಳಿದಿದ್ದವು. ಮೊಗಣ್ಣ ಆಗ ನೀರಿನಲ್ಲೇ ಕೂತುಬಿಟ್ಟು, ಕೆಂಪಿ, ಕೆಂಪಿ ಅಂತ ಹೆಂಡತಿಯ ಹೆಸರು ಕೂಗಿ ಅತ್ತನಂತೆ. ಅವಳು ಸತ್ತಾಗ ಅಳದವನು ಅವತ್ತು ಅತ್ತ.

ಇನ್ನು ಅಮಲ್ದಾರರ ಕಥೆ. ದೋಣಿ ಮತ್ತೆ ಬರಲಿಲ್ಲ. ಕಸಬೆಯಲ್ಲಿ ಕಾರಂಜಿ ಅವರಿಲ್ಲದೇ ಚಿಮ್ಮಿತು. ಊರಲ್ಲಿದ್ದ ಅಕ್ಕಿ ಮೊದಲ ದಿನದ ಊಟಕ್ಕೇ ಮುಗಿದಿತ್ತು, ಆಮೇಲೆ ಊರಿನವರು ಏನುಂಡರೋ ಅವರೂ ಅದನ್ನೇ ಉಣ್ಣಬೇಕಾಯಿತು, ರಾಗಿ ಮುದ್ದೆ, ಹುರುಳಿ ಸಾರು. ಸೋರೋ ಮನೆಯಲ್ಲಿ ಮಲಗಿ ಜ್ವರ ಬಂತು. ಡಾಕ್ಟರನ್ನು ಕರೆಸಿ ಅಂದರು. ಎಲ್ಲಿಂದ ಕರೆಸೋದು ಬುದ್ಧಿ, ಅದನ್ನೇ ಅಲ್ಲವಾ ನಾವು ಇಷ್ಟು ಕಾಲ ಹೇಳಿದ್ದು ಅಂತ ಪಟೇಲರು ಮೊದಲ ಸಲ ಸ್ವಲ್ಪ ಗಡುಸಾಗಿ ಹೇಳಿದರು. ಮನೆಗಳಲ್ಲಿ ಕಾಯಿಲೆಯವರು ಧಾರಾಳವಾಗಿ ಕೆಮ್ಮುತ್ತಿದ್ದರು. ಬಚ್ಚಿಡೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಕೊನೆಗೆ ನೀರು ಸೊಂಟಕ್ಕಿಳಿದಾಗ ಅಮಲ್ದಾರರು ಹೊರಟರು. ಮೊಗಣ್ಣ ಜೊತೆಗೆ ಹೋದ, ಹೊರಲಿಲ್ಲ. ಬಿದ್ದರೆ ಹಿಡಿಯೋವಷ್ಟು ಹತ್ತಿರದಲ್ಲಿ ನಡೆದ. ಅಮಲ್ದಾರರ ಒಂದು ಪಾಪೋಸು ಹೊಳೆ ಪಾಲಾಯಿತು. ಪಾಚಿಗಲ್ಲಿನ ಮೇಲೆ ಜಾರಿ ಮುಳುಗಿ ನೀರು ಕುಡಿದರು. ನಡುಹೊಳೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ, ನೀವೆಲ್ಲ ದಿನಾ ಹೀಗೇ ಓಡಾಡುತ್ತೀರಾ ಅಂತ ಕೇಳಿದರಂತೆ.

ನೋಡಿ ಮತ್ತೆ. ಇಷ್ಟು ತಲೆಮಾರು, ಇಷ್ಟು ಹೆಣ, ಇಷ್ಟು ಹಾರ ತುರಾಯಿ. ಎಲ್ಲ ಆದ ಮೇಲೆ ಹುಟ್ಟಿದ ಪ್ರಶ್ನೆ ಇದು. ಮೊಗಣ್ಣ, ಮುಂದೆ ಗುಂಡಿ ಇದೆ, ಎಡಕ್ಕೆ ಬನ್ನಿ ಅಂದ, ಅಷ್ಟೇ.

ಸೇತುವೆ ಆಯಿತು. ಮುಂದಿನ ಬೇಸಿಗೆಗೆ ಕಲ್ಲು ಬಿತ್ತು, ಅದರ ಮುಂದಿನ ಬೇಸಿಗೆಗೆ ಕಮಾನು ನಿಂತಿತು. ಸಾಹೇಬರನ್ನು ಕೆಸರಿಗಿಳಿಸಿದ್ದಕ್ಕೆ ಮೊಗಣ್ಣನನ್ನು ಸೆರೆಗೆ ಹಾಕಿದರು ಅಂತ ಒಂದು ಮಾತಿದೆ. ನಾನು ನಂಬೋದಿಲ್ಲ. ನನ್ನನ್ನು ಒಬ್ಬ ಹಳ್ಳಿಯವನು ದೋಣಿಯಿಂದ ಮೂಟೆ ಹಾಗೆ ಎತ್ತಿ ಇಳಿಸಿದ ಅಂತ ಯಾವ ಅಮಲ್ದಾರ ತಾನಾಗಿ ಹೋಗಿ ಹೇಳಿಕೊಳ್ಳುತ್ತಾನೆ? ಸೇತುವೆಯ ಬುಡದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಅದರಲ್ಲಿ ಅಮಲ್ದಾರರ ಹೆಸರಿದೆ, ಇಂಜಿನಿಯರರ ಹೆಸರಿದೆ, ಸುಣ್ಣ ಒದಗಿಸಿದ ಸಾಹುಕಾರನ ಹೆಸರೂ ಇದೆ. ಮೊಗಣ್ಣನದು ಇಲ್ಲ. ಇರುತ್ತದೆ ಅಂತ ನೀವೂ ಅಂದುಕೊಂಡಿರಲಿಲ್ಲ ಬಿಡಿ.

ಆದರೆ ಮಡುವಿನಕೊಪ್ಪಲಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ, ಅದನ್ನು ಇವತ್ತಿನ ತನಕ ಬಿಟ್ಟಿಲ್ಲ. ಸೇತುವೆ ಬಂದು ಎಷ್ಟು ಕಾಲವಾಯಿತು, ಊರಲ್ಲಿ ಈಗ ಆಸ್ಪತ್ರೆ ಅಂತ ಒಂದು ಕಟ್ಟಡವೂ ಇದೆ. ಕಟ್ಟಡ ಇದೆ, ಬಾಗಿಲಿಗೆ ಬೀಗ ಇದೆ, ಬೀಗದ ಕೈ ಇರೋ ನರ್ಸಮ್ಮನಿಗೆ ಇನ್ನೂ ನಾಲ್ಕು ಊರು ವಹಿಸಿದ್ದಾರೆ. ಆಂಬುಲೆನ್ಸಿಗೆ ಫೋನು ಮಾಡಿದರೆ ಬರ್ತಾ ಇದೀವಿ ಅಂತಾರೆ, ಬರ್ತಾನೇ ಇರುತ್ತಾರೆ. ಹಾಗಾಗಿ ಸರ್ಕಾರದ ಜೀಪು ಯಾವುದೇ ಬರಲಿ, ಎಷ್ಟು ದೊಡ್ಡ ಅಧಿಕಾರಿಯನ್ನೇ ಕೂರಿಸಿಕೊಂಡು ಬರಲಿ, ಅದು ಸೇತುವೆ ಇಳಿದ ಕೂಡಲೇ ಹೆಂಗಸರು ಮನೆ ಮನೆಗೆ ಹೋಗಿ, ಮೊಗಣ್ಣನ ದೋಣಿ ಬಂದಿದೆ, ಯಾರು ಹೋಗೋರಿದ್ದೀರಿ ಅಂತ ಕೇಳುತ್ತಾರೆ. ತುಂಬು ಬಸುರಿ ಇದ್ದರೆ ಅವಳು, ಇಲ್ಲದಿದ್ದರೆ ಜ್ವರದ ಮಗು, ಅದೂ ಇಲ್ಲದಿದ್ದರೆ ಕಣ್ಣು ಕಾಣದ ಮುದುಕಿ. ಅಧಿಕಾರಿಗಳನ್ನು ಇಳಿಸಿ ಇವರನ್ನು ಹತ್ತಿಸುತ್ತಾರೆ, ಡ್ರೈವರು ಮಾತಾಡದೆ ಗಾಡಿ ತಿರುಗಿಸುತ್ತಾನೆ, ಅವನಿಗೂ ಗೊತ್ತು.

ಅಧಿಕಾರಿಗಳಿಗೆ ಅರಳಿಕಟ್ಟೆಯ ಮೇಲೆ ಕುರ್ಚಿ ಹಾಕುತ್ತಾರೆ, ಕುಡಿಯೋಕೆ ಮಜ್ಜಿಗೆ ಕೊಡುತ್ತಾರೆ, ಬಿಸಿಲು ಬಂದರೆ ಕುರ್ಚಿಯನ್ನು ನೆರಳಿಗೆ ಸರಿಸುತ್ತಾರೆ. ಹೋದ ತಿಂಗಳು ಬಂದಿದ್ದ ಒಬ್ಬರು ಗಡಿಯಾರ ನೋಡಿ ನೋಡಿ, ಇನ್ನೂ ಎಷ್ಟು ಹೊತ್ತು ಕಾಯಬೇಕು ಅಂತ ಕೇಳಿದರಂತೆ. ಪಕ್ಕದಲ್ಲಿ ಕೂತಿದ್ದ ಮುದುಕಿ, ಹೇಳಕ್ಕಾಗಲ್ಲ ಸ್ವಾಮಿ, ನಾವಿನ್ನೂ ಕಾಯ್ತಾನೇ ಇದೀವಿ ಅಂದು, ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿ ಕೊಟ್ಟಳಂತೆ.